ನನಗೆ ಏನು ಇಷ್ಟ ಅಂತ ನನ್ನ ಫೋಟೋಗಳಿಗೆ ಮೊದಲೇ ಗೊತ್ತಿತ್ತು

ಕ್ಯಾಮೆರಾ ಹಿಡಿದು ಓಡಾಡುವ ನನ್ನಂಥವರನ್ನು ಜನ ಮೊದಲು ಕೇಳುವುದು ‘ಯಾವ ಕ್ಯಾಮೆರಾ ತಗೊಳ್ಳಲಿ?’ ಅಂತ. ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ಅವರೇ ಮತ್ತೆ ಬರುತ್ತಾರೆ. ಈ ಸಲ ಪ್ರಶ್ನೆ ಸ್ವಲ್ಪ ಸಂಕೋಚದಿಂದ ಬರುತ್ತದೆ. ‘ಸಿಕ್ಕಿದ್ದೆಲ್ಲಾ ತೆಗೀತಿದ್ದೀನಿ. ಆದ್ರೆ ನಂಗೆ ನಿಜವಾಗಿ ಏನು ಇಷ್ಟ ಅಂತಾನೇ ಗೊತ್ತಾಗ್ತಿಲ್ಲ. ಫೋಟೋಗಳೂ ಮೊದಲಿದ್ದ ಹಾಗೇ ಇವೆ. ಏನು ಮಾಡ್ಲಿ?’

ಕಳೆದ ತಿಂಗಳು ನನ್ನ ಅಕ್ಕನ ಮಗಳು ಇದನ್ನೇ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಇಷ್ಟವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ನೀವು ಈಗಾಗಲೇ ತೆಗೆದ ಫೋಟೋಗಳಲ್ಲಿ ಕೂತಿರುತ್ತದೆ. ನಾವು ಅದನ್ನು ನೋಡಿರುವುದಿಲ್ಲ, ಅಷ್ಟೆ.

ನನಗಿದು ಗೊತ್ತಾಗಿದ್ದು ತಡವಾಗಿ. ಶುರುವಿನ ಎರಡು ವರ್ಷ ನಾನು ಹಕ್ಕಿಗಳ ಹಿಂದೆ ಬಿದ್ದಿದ್ದೆ. ನನ್ನ ಜೊತೆಯವರೆಲ್ಲ ಹಕ್ಕಿ ತೆಗೆಯುತ್ತಿದ್ದರು, ಹಾಗಾಗಿ ನಾನೂ ತೆಗೆದೆ. ಉದ್ದನೆಯ ಲೆನ್ಸನ್ನು ಸಾಲ ತಂದು, ಬೆಳಗಿನ ಜಾವ ಎದ್ದು ಹೋಗುತ್ತಿದ್ದೆ. ಫೋಟೋಗಳು ಕೆಟ್ಟದಾಗೇನೂ ಇರಲಿಲ್ಲ. ಆದರೆ ಮನೆಗೆ ಬಂದ ಮೇಲೆ ಅವನ್ನು ತೆರೆದು ನೋಡಬೇಕು ಅಂತ ಅನಿಸುತ್ತಿರಲಿಲ್ಲ. ಆಮೇಲೆ ಒಂದು ದಿನ ಹಾರ್ಡ್ ಡಿಸ್ಕ್ ತುಂಬಿತು. ಯಾವುದನ್ನು ಅಳಿಸಲಿ ಅಂತ ನೋಡುತ್ತಾ ಕೂತೆ. ಹಕ್ಕಿಗಳನ್ನು ಅಳಿಸುವಾಗ ಕೈ ತಡೆಯಲೇ ಇಲ್ಲ. ನೂರು, ಇನ್ನೂರು, ಹೋಗುತ್ತಾ ಇದ್ದವು. ಎಲ್ಲೋ ನಡುವೆ ಅಪ್ಪ ಕನ್ನಡಕ ಒರೆಸುತ್ತಿರುವ ಒಂದು ಫೋಟೋ ಬಂತು. ಸುಮ್ನೆ ತೆಗೆದದ್ದು. ಮುಖ ಅರ್ಧ ಕತ್ತರಿಸಿ ಹೋಗಿತ್ತು, ಫೋಕಸ್ ಕೂಡ ಅಷ್ಟಕ್ಕಷ್ಟೆ. ಅದನ್ನು ಅಳಿಸಲು ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಹಗ್ಗ ಗಂಟು ಹಾಕುತ್ತಿರುವ ಯಾರದೋ ಕೈ. ಆಮೇಲೆ ಪುಸ್ತಕದ ಹಾಳೆ ತಿರುಗಿಸುತ್ತಿರುವ ಮಗುವಿನ ಬೆರಳು. ಸಂಜೆಯ ಹೊತ್ತಿಗೆ ಉಳಿಸಿಕೊಂಡದ್ದನ್ನೆಲ್ಲ ಒಟ್ಟಿಗೆ ಹರಡಿ ನೋಡಿದೆ. ಸುಮಾರು ನಲವತ್ತು ಫೋಟೋ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೈಗಳು. ಏನನ್ನೋ ಮಾಡುತ್ತಿರುವ ಕೈಗಳು.

ನಾನು ಕೈಗಳ ಫೋಟೋ ತೆಗೆಯುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ!

ಹಾಗಾಗಿ ನನ್ನನ್ನು ಕೇಳುವವರಿಗೆ ನಾನು ಮೊದಲು ಕೊಡುವ ಕೆಲಸ ಇದೇ. ಕಳೆದ ಎರಡು ವರ್ಷದಲ್ಲಿ ತೆಗೆದ ಎಲ್ಲವನ್ನೂ ಚಿಕ್ಕ ಚಿಕ್ಕ ಚೌಕಗಳಾಗಿ ಒಂದೇ ಪರದೆಯ ಮೇಲೆ ನೋಡಿ. ಫಿಲ್ಮ್ ಕಾಲದಲ್ಲಿ ಇದಕ್ಕೆ ಕಾಂಟ್ಯಾಕ್ಟ್ ಶೀಟ್ ಅಂತ ಇತ್ತು. ಒಂದು ರೋಲಿನ 36 ಚಿತ್ರಗಳನ್ನೂ ಒಂದೇ ಹಾಳೆಯ ಮೇಲೆ ಅಚ್ಚು ಹಾಕಿ, ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಒಂದೊಂದೇ ಚಿತ್ರ ನೋಡಿದಾಗ ಕಾಣದ್ದು ಹೀಗೆ ಒಟ್ಟಿಗೆ ನೋಡಿದಾಗ ಕಾಣುತ್ತದೆ. ಯಾವ ಫೋಟೋಗೆ ಹೊಗಳಿಕೆ ಬಂತು ಅನ್ನೋದನ್ನು ಪಕ್ಕಕ್ಕಿಡಿ. ಸೂರ್ಯಾಸ್ತಕ್ಕೆ ಎಲ್ಲರೂ ಚೆನ್ನಾಗಿದೆ ಅಂತಾರೆ. ಯಾರೂ ಕೇಳದಿದ್ದಾಗ, ಯಾರಿಗೂ ತೋರಿಸುವ ಉದ್ದೇಶ ಇಲ್ಲದಿದ್ದಾಗ ನೀವು ತೆಗೆದದ್ದು ಯಾವುದು? ಅಳಿಸಲು ಮನಸ್ಸು ಬಾರದೆ ಇಟ್ಟುಕೊಂಡ ಕೆಟ್ಟ ಫೋಟೋ ಯಾವುದು? ನನಗಂತೂ ಈ ಎರಡನೇ ಪ್ರಶ್ನೆಯೇ ಮುಖ್ಯ. ಚೆನ್ನಾಗಿ ಬಂದ ಫೋಟೋವನ್ನು ಯಾರು ಬೇಕಾದರೂ ಇಟ್ಟುಕೊಳ್ಳುತ್ತಾರೆ. ಕೆಟ್ಟದಾಗಿ ಬಂದರೂ ಬಿಡಲು ಆಗಲಿಲ್ಲ ಅಂದರೆ ಅದರೊಳಗೆ ನಿಮ್ಮದೇನೋ ಇದೆ.

ಇನ್ನೊಂದು ಸುಳಿವು ಫೋಟೋದ ಫೈಲಿನಲ್ಲೇ ಇರುತ್ತದೆ. ಯಾವ ಲೆನ್ಸ್, ಎಷ್ಟು ಶಟರ್ ಸ್ಪೀಡ್ (ಬೆಳಕು ಒಳಗೆ ಬರಲು ಶಟರ್ ತೆರೆದಿರುವ ಸಮಯ), ಎಷ್ಟು ಐಎಸ್‌ಒ (ಕಡಿಮೆ ಬೆಳಕಿದ್ದಾಗ ಚಿತ್ರ ಬೆಳಗಿಸಲು ಏರಿಸುವ ಅಳತೆ), ಎಷ್ಟು ಗಂಟೆಗೆ ತೆಗೆದದ್ದು, ಎಲ್ಲವನ್ನೂ ಕ್ಯಾಮೆರಾ ಬರೆದಿಟ್ಟಿರುತ್ತದೆ. ಫೋನ್ ಕೂಡ ಬರೆದಿಡುತ್ತದೆ. ಉಳಿಸಿಕೊಂಡ ಫೋಟೋಗಳಲ್ಲಿ ಅದನ್ನು ಓದುತ್ತಾ ಹೋಗಿ. ನೀವು ಯಾವಾಗಲೂ ಹತ್ತಿರ ಹೋಗುವವರೋ, ದೂರ ನಿಲ್ಲುವವರೋ ಅನ್ನೋದು ಅಲ್ಲೇ ತಿಳಿಯುತ್ತದೆ. ಲೆನ್ಸಿನ ಎಂಎಂ ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ನನ್ನ ಫೋಟೋಗಳಲ್ಲಿ, ಹತ್ತಿರ ಹೋಗಿ ತೆಗೆಯಬೇಕಾದ 50 ಎಂಎಂ ಲೆನ್ಸಿನದ್ದೇ ಜಾಸ್ತಿ ಇದ್ದವು. ಉದ್ದನೆಯ ಲೆನ್ಸಿಗಾಗಿ ಅಷ್ಟು ಒದ್ದಾಡಿದ್ದೆ, ಅದರಲ್ಲಿ ತೆಗೆದದ್ದು ಒಂದೂ ಉಳಿದಿರಲಿಲ್ಲ.

ಅಷ್ಟು ಚಿಕ್ಕ ವಿಷಯ ಸಾಕಾ ಅಂತ ಕೆಲವರಿಗೆ ಅನುಮಾನ. ಕೈ, ಬಾಗಿಲು, ಎಲೆ, ಇದನ್ನೆಲ್ಲ ಎಷ್ಟು ದಿನ ತೆಗೆಯೋದು? ಅವರಿಗೆ ನಾನು ವಿಲ್ಸನ್ ಬೆಂಟ್ಲಿಯ ವಿಷಯ ಹೇಳುತ್ತೇನೆ. ಅಮೆರಿಕದ ವರ್ಮಾಂಟ್‌ನ ರೈತ. ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ 1885ರ ಜನವರಿಯಲ್ಲಿ ಮೊದಲ ಸಲ ಹಿಮದ ಹರಳೊಂದರ ಫೋಟೋ ತೆಗೆದ. ಆಗ ಅವನಿಗೆ 19 ವರ್ಷ. ಆಮೇಲೆ ನಲವತ್ತಕ್ಕೂ ಹೆಚ್ಚು ಚಳಿಗಾಲ ಅದನ್ನೇ ತೆಗೆದ, 1931ರಲ್ಲಿ ತೀರಿಕೊಳ್ಳುವವರೆಗೆ. ಒಟ್ಟು ಐದು ಸಾವಿರಕ್ಕೂ ಹೆಚ್ಚು ಹರಳುಗಳು. ಉಸಿರು ತಾಗಿದರೂ ಕರಗುವ ವಸ್ತು ಅದು. ಅದನ್ನು ಎತ್ತಿ, ಗಾಜಿನ ಮೇಲಿಟ್ಟು, ಫೋಕಸ್ ಮಾಡಿ, ಕರಗುವುದರೊಳಗೆ ತೆಗೆಯಬೇಕು. ಅವನಿಗೆ ಫೋಟೋಗ್ರಫಿ ಕಲಿಸಿದ್ದು ಆ ಹಿಮವೇ ಅಂತ ನನಗೆ ಅನಿಸುತ್ತದೆ. ವಿಷಯ ಚಿಕ್ಕದಿದ್ದಷ್ಟೂ ಅದು ಹೆಚ್ಚು ಕೇಳುತ್ತದೆ.

ಇಷ್ಟವನ್ನು ಹುಡುಕೋದು ಒಂದು ಕೆಲಸ, ಕೈ ಪಳಗಿಸಿಕೊಳ್ಳೋದು ಇನ್ನೊಂದು ಕೆಲಸ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ), ಶಟರ್, ಐಎಸ್‌ಒ ಮೂರನ್ನೂ ಪುಸ್ತಕ ನೋಡಿ ಬಾಯಿಪಾಠ ಮಾಡಿದ್ದೆ. ತಲೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ಇಳಿದದ್ದು ಒಂದೇ ಒಂದು ಫೋಟೋಗಾಗಿ ಹಟ ಹಿಡಿದಾಗ.

ಅಮ್ಮ ಕಿಟಕಿಯ ಪಕ್ಕ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ನನಗೆ ಬೇಕಾಗಿದ್ದು ಸೂಜಿ ಬಟ್ಟೆಯಿಂದ ಮೇಲೆ ಬಂದು, ದಾರ ಬಿಗಿಯಾಗುವ ಆ ಒಂದು ಗಳಿಗೆ. ಎಫ್ ಅನ್ನೋದು ಅಪರ್ಚರಿನ ಅಳತೆ, ಸಂಖ್ಯೆ ಚಿಕ್ಕದಿದ್ದಷ್ಟೂ ಕಿಂಡಿ ದೊಡ್ಡದು. ಮೊದಲ ದಿನ ಎಫ್ 1.8, 1/60 ಸೆಕೆಂಡ್, ಐಎಸ್‌ಒ 200ರಲ್ಲಿ ತೆಗೆದೆ. ಬೆರಳುಗಳು ಮಸುಕು. ಕೈ ಅಲುಗದಿರಲು ಲೆನ್ಸ್ ಎಷ್ಟು ಎಂಎಂ ಇದೆಯೋ ಕನಿಷ್ಠ ಅಷ್ಟು ಶಟರ್ ಸ್ಪೀಡ್ ಇರಲಿ ಅಂತ ಒಂದು ಹಳೆಯ ಲೆಕ್ಕವಿದೆ. 50 ಎಂಎಂಗೆ 1/50. ಆ ಲೆಕ್ಕದ ಪ್ರಕಾರ ನಾನು ತಪ್ಪು ಮಾಡಿರಲಿಲ್ಲ. ಆದರೆ ಆ ಲೆಕ್ಕ ಇರುವುದು ನನ್ನ ಕೈ ನಡುಗುವುದಕ್ಕೆ, ಅಮ್ಮನ ಕೈ ಓಡುವುದಕ್ಕಲ್ಲ. ಇದು ಓದಿದಾಗ ಹೊಳೆದಿರಲಿಲ್ಲ. ಶಟರನ್ನು 1/250ಕ್ಕೆ ತಂದೆ. ಬೆರಳು ನಿಂತವು. ಆದರೆ ಒಳಗೆ ಬರುವ ಬೆಳಕು ಕಾಲು ಭಾಗಕ್ಕೆ ಇಳಿಯಿತು, ಐಎಸ್‌ಒ 800 ಮಾಡಬೇಕಾಯಿತು.

ಈಗ ಸೂಜಿಯ ತುದಿ ಸ್ಪಷ್ಟ, ಹೆಬ್ಬೆರಳು ಮಬ್ಬು. ನನ್ನದು ಫುಲ್ ಫ್ರೇಮ್ ಕ್ಯಾಮೆರಾ, ಅಂದರೆ ಅದರ ಸೆನ್ಸರ್ ಹಳೆಯ ಫಿಲ್ಮಿನ ಒಂದು ಚಿತ್ರದಷ್ಟು ದೊಡ್ಡದು. ಅರ್ಧ ಮೀಟರ್ ದೂರದಲ್ಲಿ ಕೂತು ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಪದರ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಹೊಲಿಯುವ ಕೈಗೆ ಅದು ಸಾಲುವುದಿಲ್ಲ. ಎಫ್ 4ಕ್ಕೆ ಬಂದೆ. ಆ ಪದರ ಎರಡು ಸೆಂಟಿಮೀಟರ್ ದಾಟಿತು. ಆದರೆ ಕಿಂಡಿ ಚಿಕ್ಕದಾಗಿ ಬೆಳಕು ಇನ್ನೂ ಕಡಿಮೆಯಾಯಿತು, ಐಎಸ್‌ಒ 4000ಕ್ಕೆ ಹತ್ತಿತು. ಫೋಟೋ ತುಂಬಾ ಮರಳು ಚೆಲ್ಲಿದ ಹಾಗೆ ಕಾಳು ಕಾಳು. ಇನ್ನು ತಿರುಗಿಸಲು ಕ್ಯಾಮೆರಾದಲ್ಲಿ ಏನೂ ಉಳಿದಿರಲಿಲ್ಲ. ‘ಅಮ್ಮ, ಸ್ವಲ್ಪ ಕಿಟಕಿ ಕಡೆ ಜರುಗ್ತೀಯಾ?’ ಅಂದೆ. ಕುರ್ಚಿ ಎರಡು ಅಡಿ ಸರಿಯಿತು. ಅಷ್ಟಕ್ಕೇ ಬೆಳಕು ಎಷ್ಟೊಂದು ಹೆಚ್ಚಿತು ಅಂದರೆ ಐಎಸ್‌ಒ 1600 ಸಾಕಾಯಿತು. ಜೊತೆಗೆ ಬೆಳಕು ಪಕ್ಕದಿಂದ ಬಂದು, ಬೆರಳ ಗೆಣ್ಣಿನ ಒಂದೊಂದು ಗೆರೆಯೂ ಎದ್ದು ಕಂಡಿತು. ಹಳೆಯ ಸೂಜಿ ಚುಚ್ಚಿದ ಗುರುತುಗಳು ತೋರುಬೆರಳ ತುದಿಯಲ್ಲಿದ್ದವು. ನಾನು ಅವನ್ನು ಅದಕ್ಕೆ ಮೊದಲು ನೋಡಿರಲೇ ಇಲ್ಲ.

ಹನ್ನೊಂದು ದಿನ ತೆಗೆದೆ. ಅಮ್ಮನಿಗೆ ಹೊಲಿಯಲು ಗುಂಡಿಗಳು ಮುಗಿದವು, ಒಂದೆರಡನ್ನು ನಾನೇ ಕಿತ್ತು ಕೊಟ್ಟೆ. ಆದರೆ ಆ ಹನ್ನೊಂದು ದಿನದಲ್ಲಿ ಕಲಿತದ್ದು ಎರಡು ವರ್ಷದಲ್ಲಿ ಕಲಿತಿರಲಿಲ್ಲ. ಬೇಕು ಅನ್ನುವ ಫೋಟೋ ಒಂದು ಕಣ್ಣೆದುರಿಗೆ ಇದ್ದರೆ ಪ್ರತಿ ತಪ್ಪಿಗೂ ಒಂದು ಕಾರಣ ಹುಡುಕುತ್ತೇವೆ. ಬೇಕಾದ್ದು ಏನು ಅಂತಲೇ ಗೊತ್ತಿಲ್ಲದಿದ್ದರೆ, ಸರಿಯಾಗಿ ಬರಲಿಲ್ಲ ಅಂತ ಮುಂದಿನದಕ್ಕೆ ಹೋಗಿಬಿಡುತ್ತೇವೆ. ಅದಕ್ಕೇ ಹೇಳುವುದು, ಮೊದಲು ಕೌಶಲ, ಆಮೇಲೆ ಆಸಕ್ತಿ ಅನ್ನುವ ಕ್ರಮವನ್ನು ನಾನು ಒಪ್ಪುವುದಿಲ್ಲ.

ಹೀಗೆ ಒಂದನ್ನೇ ತೆಗೆಯುವಾಗ ಬೇಜಾರು ಬಂದೇ ಬರುತ್ತದೆ. ನನಗೆ ಸಾಮಾನ್ಯವಾಗಿ ಇಪ್ಪತ್ತು ಫೋಟೋ ಆಗುವಷ್ಟರಲ್ಲಿ ಬರುತ್ತದೆ. ನೋಡಿದ ಕಡೆಯಿಂದೆಲ್ಲ ನೋಡಿ ಆಯಿತು, ಇನ್ನೇನಿದೆ ಅನಿಸುತ್ತದೆ. ಆಗ ಎದ್ದು ಹೋಗಬೇಡಿ, ದಯವಿಟ್ಟು. ಅಲ್ಲಿಯವರೆಗೆ ತೆಗೆದದ್ದೆಲ್ಲ ನಾವು ಎಲ್ಲೋ ನೋಡಿದ ಫೋಟೋಗಳ ನೆನಪು. ಆ ನೆನಪು ಖಾಲಿಯಾದ ಮೇಲೆ ಕಣ್ಣು ತನ್ನ ಕೆಲಸ ಶುರು ಮಾಡುತ್ತದೆ.

ಲೆನ್ಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇರುವುದರಲ್ಲಿ ಒಂದನ್ನು ಆರು ತಿಂಗಳು ಬದಲಿಸದೆ ಬಳಸಿ. ಫೋನಾದರೆ ಝೂಮ್ ಮಾಡದೆ ಬಳಸಿ. ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯೆ ಬ್ರೆಸನ್ ತನ್ನ ಹೆಚ್ಚಿನ ಕೆಲಸವನ್ನು ಒಂದು ಲೈಕಾ ಕ್ಯಾಮೆರಾ, ಒಂದು 50 ಎಂಎಂ ಲೆನ್ಸಿನಲ್ಲೇ ಮಾಡಿದ. ಒಂದೇ ಲೆನ್ಸ್ ಇದ್ದರೆ, ಚೌಕಟ್ಟಿನೊಳಗೆ ಏನು ಬರುತ್ತದೆ ಅನ್ನೋದು ಕ್ಯಾಮೆರಾ ಎತ್ತುವ ಮೊದಲೇ ಗೊತ್ತಿರುತ್ತದೆ.

ಬೇರೆಯವರಿಗೆ ತೋರಿಸಬೇಕಾ? ತೋರಿಸಿ. ಆದರೆ ‘ಹೇಗಿದೆ?’ ಅಂತ ಕೇಳಬೇಡಿ. ಚೆನ್ನಾಗಿದೆ ಅನ್ನೋ ಉತ್ತರದಿಂದ ಏನೂ ಸಿಗುವುದಿಲ್ಲ. ‘ಮೊದಲು ಎಲ್ಲಿಗೆ ಕಣ್ಣು ಹೋಯ್ತು?’ ಅಂತ ಕೇಳಿ. ಅಮ್ಮನ ಫೋಟೋವನ್ನು ಒಬ್ಬರಿಗೆ ತೋರಿಸಿ ಹೀಗೆ ಕೇಳಿದಾಗ, ‘ಹಿಂದೆ ಗೋಡೆ ಮೇಲೆ ಬಿಳಿ ಸ್ವಿಚ್ಚಿದೆಯಲ್ಲಾ, ಅಲ್ಲಿಗೆ’ ಅಂದರು. ಸೂಜಿಗಾಗಿ ಅಷ್ಟು ಒದ್ದಾಡಿದ್ದೆ, ಸ್ವಿಚ್ಚನ್ನು ನೋಡಿಯೇ ಇರಲಿಲ್ಲ. ಮರುದಿನ ಒಂದು ಹೆಜ್ಜೆ ಎಡಕ್ಕೆ ನಿಂತೆ. ಇನ್ನೊಮ್ಮೆ ಒಂದು ಸ್ಪರ್ಧೆಯಲ್ಲಿ ತೀರ್ಪು ಕೊಡುವವರು ‘ಮುಖ ಎಲ್ಲಿ? ಮುಖ ಇಲ್ಲದೆ ಭಾವ ಹೇಗೆ ಬರುತ್ತೆ?’ ಅಂತ ಆ ಫೋಟೋವನ್ನು ಪಕ್ಕಕ್ಕಿಟ್ಟರು. ಆ ದಿನ ತುಂಬಾ ನೋವಾಯಿತು. ಆಮೇಲೆ ಯೋಚಿಸಿದೆ. ಸ್ವಿಚ್ಚಿನ ಮಾತು ನಾನು ಮಾಡಲು ಹೊರಟ ಫೋಟೋವನ್ನು ಸರಿ ಮಾಡಿತು. ಮುಖದ ಮಾತು ನನಗೆ ಬೇರೆ ಫೋಟೋ ತೆಗೆಯಲು ಹೇಳಿತು. ಮೊದಲನೆಯದನ್ನು ಕೇಳಬೇಕು, ಎರಡನೆಯದನ್ನು ಬಿಡಬೇಕು.

ಬ್ರಿಟನ್ನಿನ ಫೋಟೋಗ್ರಾಫರ್ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರಿಗೆ 1863ರಲ್ಲಿ ಮಗಳು ಅಳಿಯ ಕ್ಯಾಮೆರಾ ಉಡುಗೊರೆ ಕೊಟ್ಟಾಗ 48 ವರ್ಷ. ಅವರು ತೆಗೆದ ಮುಖಗಳು ಮೃದುವಾಗಿ, ಸ್ವಲ್ಪ ಮಸುಕಾಗಿ ಇರುತ್ತಿದ್ದವು. ಫೋಕಸ್ ಮಾಡಲೂ ಬರುವುದಿಲ್ಲ ಅಂತ ಆ ಕಾಲದ ಫೋಟೋಗ್ರಫಿ ಪತ್ರಿಕೆಗಳು ಟೀಕಿಸಿದವು. ಅವರು ಆ ಮಸುಕನ್ನು ಬಿಡಲಿಲ್ಲ. ಇವತ್ತು ಆ ಮುಖಗಳನ್ನು ಮ್ಯೂಸಿಯಂಗಳು ಜೋಪಾನ ಮಾಡಿವೆ.

ಯಾರಿಗೂ ತೋರಿಸದೆಯೂ ತೆಗೆಯಬಹುದು. ವಿವಿಯನ್ ಮೇಯರ್ ಅಮೆರಿಕದಲ್ಲಿ ಬೇರೆಯವರ ಮನೆಯ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದರು. ಬಿಡುವಿನಲ್ಲಿ ಬೀದಿಯ ಫೋಟೋ ತೆಗೆದರು. 2007ರಲ್ಲಿ ಅವರ ಪೆಟ್ಟಿಗೆಗಳು ಹರಾಜಾದ ಮೇಲೆಯೇ ಹೊರಗಿನವರಿಗೆ ತಿಳಿದದ್ದು, ಆಕೆ ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್ ಬಿಟ್ಟುಹೋಗುವಷ್ಟು ತೆಗೆದಿದ್ದರು ಅಂತ. ಎಷ್ಟೋ ರೋಲುಗಳನ್ನು ಡೆವಲಪ್ ಕೂಡ ಮಾಡಿಸಿರಲಿಲ್ಲ. ಅಂಗಡಿಯ ಗಾಜು, ಕನ್ನಡಿ, ನೆಲದ ಮೇಲಿನ ನೆರಳು, ಎಲ್ಲೆಲ್ಲಿ ತಾನು ಕಂಡರೂ ಅಲ್ಲಿ ತನ್ನನ್ನೇ ತೆಗೆದುಕೊಂಡಿದ್ದಾರೆ. ಆ ಚಿತ್ರಗಳನ್ನು ನೋಡುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅಕ್ಕನ ಮಗಳ ವಿಷಯ ಹೇಳಬೇಕಲ್ವಾ. ಅವಳ ಫೋನಿನಲ್ಲಿ ಮೂರು ಸಾವಿರ ಫೋಟೋ ಇದ್ದವು. ಇಬ್ಬರೂ ಕೂತು ಒಂದು ಮಧ್ಯಾಹ್ನ ಪೂರ್ತಿ ನೋಡಿದೆವು. ಗೆಳತಿಯರು, ಮೋಡ, ಬೆಕ್ಕು. ನಡುನಡುವೆ ವಿಚಿತ್ರವಾದದ್ದು ಕೆಲವು. ತಂತಿ ಸುತ್ತಿ ನಿಲ್ಲಿಸಿದ ಕುರ್ಚಿಯ ಕಾಲು. ಟೇಪ್ ಅಂಟಿಸಿದ ಕನ್ನಡಕ. ತೇಪೆ ಹಾಕಿದ ಬಕೆಟ್. ಹಿಡಿಗೆ ಬಟ್ಟೆ ಸುತ್ತಿದ ಸುತ್ತಿಗೆ. ‘ಇದೆಲ್ಲ ಯಾಕೆ ತೆಗೆದೆ?’ ಅಂದೆ. ‘ಗೊತ್ತಿಲ್ಲ ಚಿಕ್ಕಮ್ಮ, ಪಾಪ ಅನ್ನಿಸ್ತು’ ಅಂದಳು. ಎಣಿಸಿದರೆ ಅಂಥವು ಅರವತ್ತೆರಡು ಇದ್ದವು. ಅವಳು ಫೋನನ್ನು ಕೈಯಿಂದ ಕಿತ್ತುಕೊಂಡು ಇನ್ನೊಮ್ಮೆ ಮೊದಲಿಂದ ನೋಡತೊಡಗಿದಳು.

ಮೊನ್ನೆ ಒಂದು ಫೋಟೋ ಕಳಿಸಿದ್ದಳು. ಮುರಿದ ಕಡ್ಡಿಗೆ ದಾರ ಸುತ್ತಿ ಕಟ್ಟಿದ ಛತ್ರಿ. ‘ಚಿಕ್ಕಮ್ಮ, ಬಟ್ಟೆ ಕಪ್ಪು, ದಾರಾನೂ ಕಪ್ಪು. ಫೋಟೋದಲ್ಲಿ ಛತ್ರಿ ಬೂದಿ ಬಣ್ಣ ಬರ್ತಿದೆ, ದಾರ ಕಾಣ್ತಾನೇ ಇಲ್ಲ. ಏನು ಮಾಡ್ಲಿ?’ ಹಿಂದಿನ ಪ್ರಶ್ನೆಗೂ ಇದಕ್ಕೂ ಎಷ್ಟು ದೂರ! ಕ್ಯಾಮೆರಾ ತನ್ನೆದುರು ಇರುವುದು ಕಪ್ಪೋ ಬಿಳಿಯೋ ತಿಳಿಯದೆ ಎಲ್ಲವನ್ನೂ ನಡುವಿನ ಬೂದಿಗೆ ಎಳೆಯುತ್ತದೆ, ಅದಕ್ಕೇ ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸು, ಅಂದರೆ ಒಳಗೆ ಬರುವ ಬೆಳಕನ್ನು ಅರ್ಧ ಮಾಡು ಅಂದೆ. ದಾರಕ್ಕೆ ಎದುರಿನ ಬೆಳಕು ಬೇಡ, ಪಕ್ಕದಿಂದ ಸವರಿಕೊಂಡು ಬರುವ ಬೆಳಕು ಬೇಕು, ಆಗ ಪ್ರತಿ ಸುತ್ತಿಗೂ ಅದರದ್ದೇ ನೆರಳು ಬೀಳುತ್ತದೆ ಅಂತಲೂ ಹೇಳಿದೆ.

‘ಈಗ ಬಿಸಿಲು ನೆತ್ತಿ ಮೇಲಿದೆ’ ಅಂದಳು. ‘ಸಂಜೆ ಐದಕ್ಕೆ ಮತ್ತೆ ತೆಗೀತೀನಿ.’