ನೆಲದ ಮೇಲೆ ನಿಂತಿರೋ ಫೈಟರ್ ವಿಮಾನದ ಬಾಂಬು ಸಿಡಿಯಲ್ವಾ?

ಯಲಹಂಕದಲ್ಲಿ ಏರೋ ಇಂಡಿಯಾ ನಡೆದಾಗೆಲ್ಲ ನನಗೆ ಈ ಪ್ರಶ್ನೆ ಬಂದೇ ಬರುತ್ತೆ, ರೆಕ್ಕೆ ಕೆಳಗೆ ಅಷ್ಟೊಂದು ಬಾಂಬು ಮಿಸೈಲು ನೇತು ಹಾಕ್ಕೊಂಡು ನಿಲ್ಸಿರ್ತಾರಲ್ಲ, ಅಕಸ್ಮಾತ್ ಸಿಡಿದ್ರೆ ಏನ್ ಗತಿ ಅಂತ. ಶೋನಲ್ಲಿ ಜನರಿಗೆ ತೋರಿಸೋಕೆ ಇಡೋದು ಸಾಮಾನ್ಯವಾಗಿ ಡಮ್ಮಿ, ಅದರ ಚಿಂತೆ ಬೇಡ. ಆದ್ರೆ ನಿಜವಾದ ಬಾಂಬು ತುಂಬಿದ ವಿಮಾನದ ವಿಷಯಕ್ಕೆ ಬಂದ್ರೆ, ಹೌದು, ಸಿಡಿದಿದೆ, ನೂರಕ್ಕೂ ಹೆಚ್ಚು ಜನ ಸತ್ತಿದ್ದಾರೆ.

ಫ್ಯೂಸ್, ಅಂದ್ರೆ ಬಾಂಬು ಸಿಡಿಸೋ ಸಾಧನ, ಆರ್ಮ್ ಆಗದೆ (ಸಿಡಿಯೋಕೆ ಸಜ್ಜಾಗದೆ) ಇರೋ ಬಾಂಬು ಕೈಜಾರಿ ಬಿದ್ದ ಮಾತ್ರಕ್ಕೆ ಸಾಮಾನ್ಯವಾಗಿ ಸಿಡಿಯಲ್ಲ. ನಿಜವಾಗ್ಲೂ ಹೆದರಬೇಕಾಗಿರೋದು ದಾರಿ ತಪ್ಪಿ ಬರೋ ಕರೆಂಟಿಗೆ, ಆಮೇಲೆ ಬಿಸಿಗೆ.

1967ರ ಜುಲೈ 29, ವಿಯೆಟ್ನಾಂ ಹತ್ರ ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಫಾರೆಸ್ಟಲ್ ಅನ್ನೋ ವಿಮಾನವಾಹಕ ಹಡಗು. ಡೆಕ್ ಮೇಲೆ ನಿಂತಿದ್ದ ಒಂದು ಫ್ಯಾಂಟಮ್ ವಿಮಾನ ಹೊರಗಿನ ಪವರ್‌ನಿಂದ ತನ್ನದೇ ಪವರ್‌ಗೆ ಬದಲಾಗೋ ಗಳಿಗೆಯಲ್ಲಿ ಕರೆಂಟ್ ಏರುಪೇರಾಗಿ ಜೂನಿ ರಾಕೆಟ್ ಒಂದು ತಾನಾಗೇ ಹಾರಿಹೋಗಿ ಎದುರುಗಡೆ ನಿಂತಿದ್ದ ಸ್ಕೈಹಾಕ್ ವಿಮಾನದ ಇಂಧನ ಟ್ಯಾಂಕಿಗೆ ಬಡೀತು. ಇಂಥದ್ದು ಆಗಬಾರದು ಅಂತಾನೇ ಎರಡು ತಡೆ ಇದ್ವು. ಒಂದು ಸೇಫ್ಟಿ ಪಿನ್ನು. ಇನ್ನೊಂದು, ರಾಕೆಟ್ಟಿಗೆ ಕರೆಂಟ್ ಒಯ್ಯೋ ಪಿಗ್‌ಟೇಲ್ ಅನ್ನೋ ವೈರಿನ ಪ್ಲಗ್ಗನ್ನ ವಿಮಾನ ಹಾರಿಸೋ ಕ್ಯಾಟಪಲ್ಟ್ ಹತ್ರ ಬಂದಮೇಲೇ ಚುಚ್ಚಬೇಕು ಅನ್ನೋ ನಿಯಮ. ಬೇಗ ಬೇಗ ವಿಮಾನ ಕಳಿಸ್ಬೇಕು ಅನ್ನೋ ಒತ್ತಡದಲ್ಲಿ, ಪಿನ್ ಹೇಗೂ ಇದೆಯಲ್ಲ ಅಂತ ಪ್ಲಗ್ಗನ್ನ ಮೊದಲೇ ಚುಚ್ಚೋಕೆ ಬಿಟ್ಟಿದ್ರು. ಅವತ್ತು ಪಿನ್ ಇರಲಿಲ್ಲ. ನನಗೆ ಸಂಕಟ ಆಗೋದೇ ಇಲ್ಲಿ, ಯಾರೂ ಬೇಕಂತ ಮಾಡಿದ್ದಲ್ಲ, ಇದಿಲ್ಲದಿದ್ರೂ ಅದಿದೆ ಅನ್ನೋ ಧೈರ್ಯ ಅಷ್ಟೇ.

ಇನ್ನು ಬಾಂಬುಗಳ ಕಥೆ. ಹಿಂದಿನ ದಿನ ತಾನೇ ಹಳೇ ಕಾಲದ ಸಾವಿರ ಪೌಂಡ್ ಬಾಂಬುಗಳನ್ನ ಬೇರೆ ಹಡಗಿಂದ ತಗೊಂಡಿದ್ರು, ತುಕ್ಕು ಹಿಡಿದವು, ಒಳಗಿನ ಮದ್ದು ಹೊಸ ಬಾಂಬಿನ ಹಾಗೆ ಬಿಸಿ ತಡ್ಕೊಳ್ಳೋದಲ್ಲ. ಬೆಂಕಿ ಹತ್ತಿ ಸುಮಾರು ಒಂದೂವರೆ ನಿಮಿಷಕ್ಕೇ ಮೊದಲನೇದು ಸಿಡೀತು. ಡೆಕ್ ಮೇಲೆ ಬೆಂಕಿ ಆರಿಸೋ ತಂಡದ ಮುಖ್ಯಸ್ಥ ಚೀಫ್ ಜೆರಾಲ್ಡ್ ಫ್ಯಾರಿಯರ್ ಕೈಯಲ್ಲಿ ಹಿಡಿಯೋ ಒಂದು ಎಕ್ಸ್‌ಟಿಂಗ್ವಿಶರ್ ತಗೊಂಡು, ಬಾಂಬು ಕಾಯದೇ ಇರ್ಲಿ ಅಂತ ಅದರ ಹತ್ರಾನೇ ನಿಂತಿದ್ರು, ಅವರೂ, ಬೆಂಕಿ ಆರಿಸೋ ತರಬೇತಿ ಆಗಿದ್ದ ಬಹುತೇಕರೂ ಅಲ್ಲೇ ಸತ್ತುಹೋದ್ರು. ಉಳಿದವರಿಗೆ ಬೆಂಕಿ ಆರಿಸೋದು ಗೊತ್ತಿಲ್ಲ ಪಾಪ, ಒಂದು ಕಡೆ ಬೆಂಕಿ ಮುಚ್ಚೋ ನೊರೆ, ಫೋಮ್, ಹಾಕ್ತಿದ್ರೆ ಇನ್ನೊಂದು ಕಡೆ ನೀರು ಬಿಟ್ಟು ಆ ಫೋಮನ್ನೇ ತೊಳೆದುಬಿಡೋರು. 134 ಜನ ಸತ್ರು.

ಎರಡು ವರ್ಷ ಕೂಡ ಆಗಿಲ್ಲ, 1969ರ ಜನವರಿ 14ಕ್ಕೆ ಹವಾಯಿ ಹತ್ರ ಎಂಟರ್‌ಪ್ರೈಸ್ ಹಡಗಲ್ಲಿ ಮತ್ತೆ ಅದೇ ಜೂನಿ. ಈ ಸಲ ಕರೆಂಟಲ್ಲ, ವಿಮಾನದ ಎಂಜಿನ್ ಸ್ಟಾರ್ಟ್ ಮಾಡೋ ಗಾಡಿಯ ಬಿಸಿ ಹೊಗೆ ನೇರ ರಾಕೆಟ್ಟಿನ ತಲೆಗೆ ಬಡಿದು ಕಾದು ಸಿಡೀತು. 28 ಸಾವು.

ಇಷ್ಟೆಲ್ಲ ಆದಮೇಲೆ ಬಾಂಬಿನ ಮೈಗೆ ಬಿಸಿ ತಡೆಯೋ ಲೇಪ ಬಂತು, ಬೆಂಕಿಗೆ ಬೇಗ ಸಿಡಿಯದ ಮದ್ದು ಬಂತು. ವೈರ್ ಜೋಡಿಸೋ ಮುಂಚೆ ಮೀಟರ್ ಹಿಡಿದು ಅಲ್ಲಿ ಇರಬಾರದ ಕರೆಂಟ್ ಇದೆಯಾ ಅಂತ ನೋಡ್ತಾರೆ, ವಿಮಾನಕ್ಕೆ ಅರ್ಥಿಂಗ್ ಕೊಡ್ತಾರೆ, ಮೂತಿ ಜನ ಇಲ್ಲದ ಕಡೆ ತಿರುಗಿಸಿ ನಿಲ್ಸಿ ರನ್‌ವೇ ತುದಿಯಲ್ಲೇ ಕೊನೇ ಪಿನ್ ತೆಗೀತಾರೆ. ಅಮೆರಿಕದ ನೌಕಾಪಡೆಯಲ್ಲಂತೂ ಈಗ ಹಡಗಿನ ಅಡುಗೆಯವರೂ ಬೆಂಕಿ ಆರಿಸೋ ತರಬೇತಿ ತಗೊಳ್ಳಲೇಬೇಕು, ನಾರ್ಫೋಕ್‌ನಲ್ಲಿರೋ ಆ ತರಬೇತಿ ಶಾಲೆಗೆ ಫ್ಯಾರಿಯರ್ ಹೆಸರೇ ಇಟ್ಟಿದ್ದಾರೆ.