ಅರ್ಧ ಟ್ಯಾಂಕಿನ ಗಾಡಿ

ಅಪ್ಪಯ್ಯ ತೀರ್ಥಹಳ್ಳಿಯ ಮಂಡಿಗೆ ಅಡಿಕೆ ಮೂಟೆ ಸಾಗಿಸುತ್ತಿದ್ದ ಹಳೆಯ ಮಹೀಂದ್ರಾ ಪೆಟ್ರೋಲ್ ಪಿಕಪ್, ಅವರು ತೀರಿಕೊಂಡ ಮೇಲೆ ಹನ್ನೊಂದು ಮಳೆಗಾಲಗಳನ್ನು ನಮ್ಮ ಸೌದೆ ಕೊಟ್ಟಿಗೆಯಲ್ಲಿಯೇ ಕಳೆದಿತ್ತು. ಬ್ರೇಕು, ವೈರಿಂಗು, ತುಕ್ಕು ತಿಂದ ತಳದ ತಗಡು ಇವೆಲ್ಲ ಹಣ ಕೊಟ್ಟರೆ ಮುಗಿಯುವ ಕೆಲಸಗಳಾಗಿದ್ದವು. ನನ್ನನ್ನು ಕಾಡಿದ್ದು ಪೆಟ್ರೋಲಿನ ದಾರಿ.

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಸಣ್ಣ ತೂತುಗಳಾದ ಜೆಟ್‌ಗಳಲ್ಲಿ ಅಂಟಿನಂತೆ ಗಟ್ಟಿಯಾಗಿದ್ದ ಹಳೆಯ ಪೆಟ್ರೋಲನ್ನು ತೊಳೆದು ತೆಗೆಸಿದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ, ಪೆಟ್ರೋಲ್ ಎಳೆಯುವ ಪಂಪಿನ ಒಳಗಿನ ತೆಳು ಪೊರೆಯಾದ ಡಯಾಫ್ರಾಮನ್ನೂ ರಬ್ಬರ್ ಪೈಪುಗಳನ್ನೂ ಅದನ್ನು ತಾಳುವಂಥವಕ್ಕೆ ಬದಲಾಯಿಸಿದ್ದಾಯಿತು. ಟ್ಯಾಂಕ್ ತುಂಬಿಸಿ ಮಂಡಗದ್ದೆಗೆ ಹೋಗಿ ಬಂದಾಗ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಆದರೆ ಘಾಟಿಯ ಬುಡದ ಸೋಮೇಶ್ವರದಿಂದ ಹಿಂತಿರುಗುವಾಗ, ಆಗುಂಬೆ ಘಾಟಿಯ 14 ತಿರುವುಗಳಲ್ಲಿ ನಾಲ್ಕನೆಯದನ್ನು ದಾಟುವಷ್ಟರಲ್ಲಿ ನಿಂತೇಹೋಯಿತು. ಹಿಂದಕ್ಕೆ ಉರುಳಿಸಿ ಸಮತಟ್ಟಿನಲ್ಲಿ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಸ್ಟಾರ್ಟ್ ಆಗುತ್ತಿತ್ತು. ಏರು ಸಿಕ್ಕಿದೊಡನೆ ಮತ್ತೆ ಅದೇ ಪಾಡು. ಶಿವಮೊಗ್ಗದ ಗ್ಯಾರೇಜೊಂದರಲ್ಲಿ, ಶಾಖಕ್ಕೆ ಪೆಟ್ರೋಲು ಆವಿಯಾಗುತ್ತಿದೆಯೆಂದು ಪಂಪಿಗೆ ಒದ್ದೆ ಬಟ್ಟೆ ಸುತ್ತಿಸಿ, ಕಿಡಿಗೆ ವಿದ್ಯುತ್ ಕೊಡುವ ಕಾಯಿಲನ್ನೂ ಹೊಸದು ಹಾಕಿ ಕಳುಹಿಸಿದರು. ತಣ್ಣಗಾದ ಮೇಲೆ ಓಡುತ್ತಿದ್ದ ಗಾಡಿಯ ಬಗ್ಗೆ ಅವರ ಊಹೆ ಅಸಂಬದ್ಧವೇನಲ್ಲ, ತಪ್ಪಾಗಿತ್ತು ಅಷ್ಟೆ.

ಪೆಟ್ರೋಲ್ ಮೀಟರಿನ ಮುಳ್ಳು ಸತ್ತಿದ್ದರಿಂದ ನಾನು ಟ್ಯಾಂಕಿಗೆ ಗೆರೆ ಕೊರೆದ ಅಡಿಕೆ ದಬ್ಬೆಯ ಸೀಳನ್ನು ಇಳಿಬಿಟ್ಟು ಅಳೆಯುತ್ತಿದ್ದೆ. ಮೂರು ಸಲ ಗಾಡಿ ನಿಂತಾಗಲೂ ಒದ್ದೆಯ ಗುರುತು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿತ್ತು. ಈ ಸಂಗತಿಯನ್ನು ತೀರ್ಥಹಳ್ಳಿಯ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಹೇಳಿದಾಗ ಅವರು ಬಾನೆಟ್ ಎತ್ತಲೇ ಇಲ್ಲ. ಪೆಟ್ರೋಲ್ ಎಳೆಯಲು ಟ್ಯಾಂಕಿನ ಒಳಗೆ ಇಳಿದಿದ್ದ ಉಕ್ಕಿನ ಪೈಪನ್ನು ಬಿಚ್ಚಿ, ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಊದಿದರು. ನಟ್ಟನಡುವಿನಿಂದ ಗುಳ್ಳೆಗಳೆದ್ದವು. "ನೋಡಿ ಮಾರಾಯ್ರೇ, ನಿಮ್ಮ ಗಾಡಿ ಪೆಟ್ರೋಲ್ ಅಲ್ಲ, ಗಾಳಿ ಕುಡೀತಿದೆ" ಎಂದರು.

ಗಾಡಿಯನ್ನು ಕೊಟ್ಟಿಗೆಗೆ ಸೇರಿಸಿದಾಗ ಟ್ಯಾಂಕು ಅರ್ಧ ತುಂಬಿದ್ದಿರಬೇಕು. ಪೈಪಿನಲ್ಲಿ ಪೆಟ್ರೋಲಿನೊಳಗೆ ಮುಳುಗಿದ್ದ ಭಾಗ ಉಳಿದು, ಮಲೆನಾಡಿನ ಥಂಡಿ ಗಾಳಿಗೆ ಒಡ್ಡಿಕೊಂಡ ಅಂಚಿನಲ್ಲಿ ತುಕ್ಕು ಸೂಜಿಮೊನೆಯಷ್ಟು ತೂತು ಕೊರೆದಿತ್ತು. ಪೆಟ್ರೋಲು ಅದಕ್ಕಿಂತ ಮೇಲಿರುವವರೆಗೆ ತೊಂದರೆಯಿಲ್ಲ; ಕೆಳಗಿಳಿದರೆ ಪಂಪು ಗಾಳಿಯನ್ನೇ ಎಳೆಯುತ್ತದೆ. ಪೈಪು ಟ್ಯಾಂಕಿನ ಮುಂಬದಿಯಲ್ಲಿದ್ದುದರಿಂದ ಏರಿನಲ್ಲಿ ಪೆಟ್ರೋಲು ಹಿಂದಕ್ಕೆ ವಾಲಿ ತೂತು ಇನ್ನೂ ಬೇಗ ಬಯಲಾಗುತ್ತಿತ್ತು.

ಹೊಸ ತಾಮ್ರದ ಪೈಪನ್ನು ಬೆಸೆಸಿ, ಟ್ಯಾಂಕಿಗೆ ಡೀಸೆಲ್ ಜೊತೆ ಹಿಡಿ ಜಲ್ಲಿ ಹಾಕಿ ಅಲ್ಲಾಡಿಸಿ ತುಕ್ಕು ಕಳೆದೆವು. ಮುಂದಿನ ಭಾನುವಾರ ಬೇಕೆಂದೇ ದಬ್ಬೆಯ ಕೊನೆಯ ಗೆರೆಯಷ್ಟು ಪೆಟ್ರೋಲಿನಲ್ಲಿ ಘಾಟಿ ಹತ್ತಿದೆ. ಮಗ ಐದು ಲೀಟರಿನ ಕ್ಯಾನು ಇಟ್ಟುಕೊಂಡು ಹಿಂದೆ ಕುಳಿತಿದ್ದ. ಆಗುಂಬೆ ಪೇಟೆ ಮುಟ್ಟುವವರೆಗೂ ಅದರ ಮುಚ್ಚಳ ತೆಗೆಯಲಿಲ್ಲ.