ಅಪ್ಪಾಜಿಯ ಫಿಯಟ್ಟು: ಷೆಡ್ ಖಾಲಿ ಮಾಡುವ ಡೈರಿ

ಮೇ 25, ಭಾನುವಾರ

ಎರಡು ವರ್ಷದ ಮೇಲೆ ಷೆಡ್ಡಿನ ಬಾಗಿಲನ್ನ ಪೂರ್ತಿ ತೆಗೆದೆ. ಅಮ್ಮನಿಗೆ ಮಂಡಿನೋವು, ಮಹಡಿ ಹತ್ತಿ ಇಳಿಯೋದು ಕಷ್ಟ. ಷೆಡ್ ಇರೋ ಜಾಗದಲ್ಲೇ ಅವಳಿಗೊಂದು ರೂಮು, ಬಾತ್‌ರೂಮು ಆಗಬೇಕು, ಹಾಗಾಗಿ ಫಿಯಟ್ ಹೋಗಲೇಬೇಕು. ಗುಜರಿಗೆ ಹಾಕಿದ್ರೆ ಒಂದು ದಿನದ ಕೆಲಸ. ಓಡೋ ಗಾಡಿಯಾಗಿಯೇ ಕಳಿಸ್ತೀನಿ ಅಂತ ಹಟ ಹಿಡಿದವನು ನಾನು.

ಆರ್‌ಸಿಯಲ್ಲಿ ಅದು ಪ್ರೀಮಿಯರ್ ಪದ್ಮಿನಿ, 1992ರದ್ದು, 1089 ಸಿಸಿ. ದಾವಣಗೆರೆಯಲ್ಲಿ ಅದನ್ನ ಪದ್ಮಿನಿ ಅಂತ ಕರೆದವರನ್ನ ನಾನಂತೂ ಕಾಣೆ, ಎಲ್ಲರ ಬಾಯಲ್ಲೂ ಫಿಯಟ್ಟೇ. ತಪ್ಪೂ ಅಲ್ಲ. ಇಟಲಿಯ ಫಿಯಟ್ 1100 ಡಿ ಗಾಡಿಯನ್ನೇ ಮುಂಬೈಯ ಕುರ್ಲಾದಲ್ಲಿ ಕಟ್ಟುತ್ತಿದ್ದರು, ಪದ್ಮಿನಿ ಅನ್ನೋ ಹೆಸರು ಅಂಟಿದ್ದು 1974ರಲ್ಲಿ. ಆರ್‌ಸಿ ಪುಸ್ತಕದ ವಿಳಾಸದಲ್ಲಿ ‘ಚಿತ್ರದುರ್ಗ ಜಿಲ್ಲೆ’ ಅಂತಿದೆ. ನಮ್ಮೂರು ಬೇರೆ ಜಿಲ್ಲೆಯಾದದ್ದು 1997ರಲ್ಲಲ್ವಾ.

ಬ್ಯಾಟರಿ ಸತ್ತಿದೆ, ನಾಲ್ಕೂ ಟೈರು ಕೂತಿವೆ. ಹಿಂದಿನ ಸೀಟು ಎತ್ತಿದರೆ ಬರೀ ಮೆಕ್ಕೆಜೋಳ. ಅಪ್ಪಾಜಿದು ಎಪಿಎಂಸಿಯಲ್ಲಿ ದಲಾಲಿ ಅಂಗಡಿ, ಸ್ಯಾಂಪಲ್ ಪೊಟ್ಟಣ ಒಡೆದು ಚೆಲ್ಲಿದ್ದೆಲ್ಲ ಅಲ್ಲೇ ಇತ್ತು. ಮೊರದಲ್ಲಿ ಬಾಚಿ ಅಂಗಳಕ್ಕೆ ಸುರಿದೆ. ಗುಬ್ಬಿ ಕೂಡ ಮೂಸಿ ನೋಡಲಿಲ್ಲ.

ಜೂನ್ 22

ಟ್ಯಾಂಕ್ ಇಳಿಸಿ ತೊಳೆಯೋದಕ್ಕೇ ಎರಡು ಭಾನುವಾರ ಹೋದವು. ಈಗಿನ ಪೆಟ್ರೋಲಲ್ಲಿ ಎಥನಾಲ್ ಬೆರೆತಿರುತ್ತೆ, ಅದು ತೇವ ಹೀರುತ್ತೆ. ನಿಂತ ಗಾಡಿಯ ಟ್ಯಾಂಕಿಗೆ ತುಕ್ಕು, ಹಳೇ ರಬ್ಬರ್ ಪೈಪು ಉಬ್ಬಿ ಮೆತ್ತಗೆ. ಪೈಪು, ಪಂಪಿನ ಡಯಾಫ್ರಾಮು, ಕಾರ್ಬ್ಯುರೇಟರ್ ಕಿಟ್ಟು ಎಲ್ಲ ಹೊಸದು ಹಾಕಿದೆ. ಬ್ರೇಕು ನಾಲ್ಕೂ ಕಡೆ ಡ್ರಮ್ಮು, ಅದರ ಸಿಲಿಂಡರುಗಳೆಲ್ಲ ಹಿಡಿದುಕೊಂಡಿದ್ದವು. ಅಂಗಡಿಯವನು ಬೇರೆ ಅಳತೆಯ ಕಿಟ್ ಕಟ್ಟಿಕೊಟ್ಟು ಒಂದು ವಾರ ತಿಂದ.

ಸಂಜೆ ಪಾಯಿಂಟ್ ಉಜ್ಜಿ, ಚೋಕ್ ಎಳೆದು ನೋಡಿದೆ. ನಾಲ್ಕನೇ ಸಲಕ್ಕೆ ಹತ್ತಿತು. ಕಣ್ಣಲ್ಲಿ ನೀರು ಬರೋ ಹೊತ್ತಿಗೆ ಮೇಲಿಂದ ಅಮ್ಮ: “ಹೊಗೆ ನೋಡೋ! ಬಟ್ಟೆ ಒಣಗಾಕೀನಿ, ಆಫ್ ಮಾಡು!”

ಜುಲೈ 20

ಈ ವಾರ ಗೇರಿನ ಕೆಲಸ. ಇದನ್ನ ಸ್ವಲ್ಪ ಉದ್ದವಾಗೇ ಬರೀತೀನಿ.

ಫಿಯಟ್ಟಿನ ಗೇರು ಸ್ಟೇರಿಂಗ್ ಪಕ್ಕ ಇರುತ್ತೆ. ಲಿವರಿಗೂ ಗೇರ್‌ಬಾಕ್ಸಿಗೂ ನಡುವೆ ಕಂಬಿಗಳು, ಅವುಗಳ ಕೀಲಲ್ಲಿ ಬುಷ್ಷು ಅನ್ನೋ ಸಣ್ಣ ಬಳೆ. ಬುಷ್ ಸವೆದರೆ ಕಂಬಿ ನಿಲ್ಲಬೇಕಾದ ಕಡೆ ನಿಲ್ಲಲ್ಲ, ಎರಡು ಗೇರಿನ ನಡುವೆ ಸಿಕ್ಕಿಕೊಳ್ಳುತ್ತೆ. ಬಾನೆಟ್ ಎತ್ತಿ, ಕೈ ಹಾಕಿ, ಜಗ್ಗಿ ಬಿಡಿಸಬೇಕು. ಗಾಂಧಿ ಸರ್ಕಲ್ಲಿನಲ್ಲಿ ಹಿಂದಿನ ಬಸ್ಸು ಬಡ್ಕೊಳ್ತಿದ್ದರೆ ಬಿಳಿ ಪಂಚೆಯ ಅಪ್ಪಾಜಿ ಬಾನೆಟ್ಟಿಗೆ ತಲೆ ಕೊಟ್ಟು ನಿಂತಿದ್ದು, ಒಳಗೆ ನಾನು ನಾಚಿಕೆಯಿಂದ ಸೀಟಿನ ಕೆಳಗೆ ಜಾರಿದ್ದು ನೆನಪಿದೆ.

ಆಮೇಲೆ ಅವರೇ ಒಂದು ಉಪಾಯ ಕಂಡುಕೊಂಡರು. ಫಸ್ಟಿಂದ ನ್ಯೂಟ್ರಲ್ಲಿಗೆ ತಂದು, ಲಿವರನ್ನ ಒಂದಿಷ್ಟು ಅಲ್ಲಾಡಿಸಿ, ತಡೆದು, ಆಮೇಲೆ ಸೆಕೆಂಡಿಗೆ. ಎಷ್ಟು ಹೊತ್ತು ತಡೀಬೇಕು? “ಹೂಂ, ಬಾರವ್ವ” ಅನ್ನೋಷ್ಟು. ನನಗೆ ಡ್ರೈವಿಂಗ್ ಕಲಿಸಿದಾಗ್ಲೂ ಅದೇ ಅಳತೆ. ಇಪ್ಪತ್ತು ವರ್ಷ ಬುಷ್ ಬದಲಿಸದೆ ಆ ಎರಡು ಮಾತಲ್ಲೇ ಗಾಡಿ ಓಡಿಸಿದ ಮನುಷ್ಯ.

ಅಂಗಡಿಗಳಲ್ಲಿ ಬುಷ್ ಸಿಗಲಿಲ್ಲ, ಲೇತಿನವರ ಹತ್ರ ಹೋದೆ. ಅವರದ್ದು ಹರಿಹರದಲ್ಲಿ ತಯಾರಾದ ಕಿರ್ಲೋಸ್ಕರ್ ಲೇತು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯ್ತು, ಲೇತು ಇನ್ನೂ ತಿರುಗ್ತಾನೇ ಇದೆ. ಹಳೇ ಬುಷ್ಷನ್ನ ಬೆಳಕಿಗೆ ಹಿಡಿದು ನಕ್ಕರು. “ತೂತು ಹುಣಸೆಬೀಜ ಆಗೈತಲ್ರೀ! ಬಿಸಾಕಬ್ಯಾಡ್ರಿ ಇದನ್ನ, ಗಾಡಿ ಜೊತಿಗೇ ಇರ್ಲಿ. ಮುಂದೆ ಯಾರಾದ್ರೂ ಮಾಡಿಸಿದ್ರೆ ಅಳತಿಗೆ ಬೇಕಾಗ್ತೈತಿ.” ಗನ್‌ಮೆಟಲ್ಲಿನಲ್ಲಿ ಹೊಸದು ತಿರುವಿ ಕೊಟ್ಟರು.

ಕೂರಿಸಿದ ಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸೆಕೆಂಡು ಬಿತ್ತು. ನನ್ನ ಕೈ ಮಾತ್ರ ನ್ಯೂಟ್ರಲ್ಲಲ್ಲಿ ನಿಲ್ಲುತ್ತೆ. ಕಾಯೋದಕ್ಕೆ ಅಲ್ಲೀಗ ಏನೂ ಇಲ್ಲ. ಎರಡು ದಿನ ಷೆಡ್ ಕಡೆ ಹೋಗಲಿಲ್ಲ. ಟೈರು, ಪೈಪು, ಬ್ಯಾಟರಿ ಹೋದಾಗ ಏನೂ ಅನ್ನಿಸಿರಲಿಲ್ಲ. ಕೆಟ್ಟಿದ್ದನ್ನ ಸರಿ ಮಾಡಿದ್ದಕ್ಕೆ ಸಂಕಟ ಆಗಿದ್ದು ಇದೇ ಮೊದಲು.

ಆಗಸ್ಟ್ 24

ಡ್ರೈವರ್ ಕಡೆ ಮ್ಯಾಟ್ ಎತ್ತಿದರೆ ನೆಲವೇ ಕಾಣ್ತಿತ್ತು. ಟಿಂಕರ್ ಹೊಸ ಶೀಟ್ ವೆಲ್ಡ್ ಮಾಡಿ ಮುಗಿಸಿದ.

ಕಾಗದಪತ್ರ: ರಿಜಿಸ್ಟ್ರೇಷನ್ ರಿನ್ಯೂವಲ್ 2027ರವರೆಗೆ ಇದೆ. 2022ರಲ್ಲಿ ಮಾಡಿಸಿದ್ದು ಅಪ್ಪಾಜಿಯೇ. 600 ರೂಪಾಯಿ ಇದ್ದ ಶುಲ್ಕ ಅದೇ ಏಪ್ರಿಲ್ಲಿಂದ 5,000 ಆಗಿತ್ತು, “ಗಾಡಿಗಿಂತ ಮುದ್ರೆ ದುಬಾರಿ” ಅಂತ ವಾರಗಟ್ಟಲೆ ಗೊಣಗಿದರು. ಮರುವರ್ಷ ಅವರು ಹೋದರು. ಅದೇ ಅಕ್ಟೋಬರಿನಲ್ಲಿ ಮುಂಬೈಯ ಕೊನೇ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಈಗ ಮರಣ ಪ್ರಮಾಣಪತ್ರ ಇಟ್ಟು ಫಾರಂ 31, ಗಾಡಿ ನನ್ನ ಹೆಸರಿಗೆ. ಕೊಳ್ಳುವವರಿಗೆ ಬರೆದುಕೊಡೋಕೆ 29, 30.

ನೋಡೋಕೆ ಮೂವರು ಬಂದರು. ಒಬ್ಬರಿಗೆ ಮದುವೆ ಫೋಟೋಗೆ ಬೇಕಂತೆ. ಇನ್ನೊಬ್ಬರು ಅರ್ಧಕ್ಕೆ ಕತ್ತರಿಸಿ ಹೋಟೆಲಲ್ಲಿ ಸೋಫಾ ಮಾಡ್ತಾರಂತೆ, ಟೀ ಕುಡಿಸಿ ಕಳಿಸಿದೆ. ಮೂರನೆಯವನು ಚಿತ್ರದುರ್ಗದ ಹುಡುಗ. ಬಣ್ಣದ ಕಡೆ ಕಣ್ಣೂ ಹಾಯಿಸದೆ ರಟ್ಟು ಹಾಸಿಕೊಂಡು ಗಾಡಿ ಕೆಳಗೆ ತೂರಿದ. ಅಲ್ಲಿಗೇ ನನ್ನ ಮನಸ್ಸು ಒಪ್ಪಿತು. ರೇಟು ಕೇಳಬೇಡಿ.

ಪಕ್ಷಮಾಸ ಮುಗೀಲಿ, ಆಯುಧಪೂಜೆ ಈ ಮನೇಲೇ ಆಗ್ಲಿ ಅಂದಳು ಅಮ್ಮ. ಹುಡುಗ ಒಪ್ಪಿದ.

ಅಕ್ಟೋಬರ್ 2, ವಿಜಯದಶಮಿ

ನಿನ್ನೆ ಬೂದಗುಂಬಳ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಆಯ್ತು. ಇವತ್ತು ಬೆಳಿಗ್ಗೆ ಹುಡುಗ ಬಂದ. ಅಮ್ಮ ಅವನ ಕೈಗೆ ಬನ್ನಿ ಇಟ್ಟು, “ಬಂಗಾರದಂಗಿರಪ್ಪ. ಓಬವ್ವನ ಊರಿಗೆ ಪದ್ಮಿನೀನ ಸೊಸೆ ಮಾಡಿ ಕಳಿಸ್ತಿದೀನಿ, ಬೈಬ್ಯಾಡ” ಅಂದಳು. ಆರ್‌ಸಿಯ ಹಳೇ ವಿಳಾಸಕ್ಕೆ ಕೊನೆಗೂ ಅರ್ಥ ಬಂತು ಅಂತ ನಾನೂ ಒಂದು ಜೋಕು ಹೊಡೆದೆ, ಯಾರೂ ನಗಲಿಲ್ಲ.

ಎರಡೂ ಕೀ, ಜಾಕು, ಹಳೇ ಕಾರ್ಬ್ಯುರೇಟರಿನ ಜೆಟ್ಟುಗಳು, ಉಳಿದ ಗ್ಯಾಸ್ಕೆಟ್ ಎಲ್ಲ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಅವನು ಡಬ್ಬಿ ಕೆದಕಿ ನೋಡಿ, “ಗೇರಿನ ಹಳೇ ಬುಷ್ ಇಟ್ಟಿದ್ದೀರಾ ಅಣ್ಣ? ಅಳತೆಗೆ ಇರ್ಲಿ” ಅಂದ. ಚುರುಕು ಹುಡುಗ.

“ಎಲ್ಲೋ ಕಳೆದುಹೋಯ್ತಪ್ಪ” ಅಂದೆ.

ಆಮೇಲೆ ಒಳಗೆ ಹೋಗಿ, ದೇವರ ಮನೆಯ ಗೂಡಿಂದ ಅದನ್ನ ತೆಗೆದು, ವರ್ನಿಯರ್ ಹಿಡಿದು ಅಳೆದು, ಸವೆದ ಕಡೆ ಎಷ್ಟು ಸೇರಿಸಬೇಕು ಅನ್ನೋದನ್ನೂ ಚೀಟಿಯಲ್ಲಿ ಬರೆದು ತಂದು ಅವನ ಜೇಬಿಗೆ ಹಾಕಿದೆ.